ಡ್ರಾಯಿಂಗಿನ ಕೆಳಮೂಲೆಯ ಅಕ್ಷರ

ಪೀಣ್ಯದ ಮೆಷಿನ್ ಶಾಪುಗಳಲ್ಲಿ ಪಳಗಿದ ಟರ್ನರ್ ಒಬ್ಬರ ಕೈಗೆ ಡ್ರಾಯಿಂಗ್ ಕೊಟ್ಟರೆ ಅವರು ಮೊದಲು ನೋಡುವುದು ಹಾಳೆಯ ಬಲಗಡೆಯ ಕೆಳಮೂಲೆಯನ್ನು. ಅಲ್ಲಿನ ಚೌಕದಲ್ಲಿ ಬಿಡಿಭಾಗದ ಹೆಸರು, ಡ್ರಾಯಿಂಗ್ ನಂಬರು, ಸ್ಕೇಲು, ಬರೆದವರ ಮತ್ತು ಚೆಕ್ ಮಾಡಿದವರ ಸಹಿ ಇರುತ್ತವೆ. ಪಕ್ಕದಲ್ಲೇ ಒಂಟಿ ಅಕ್ಷರವೊಂದು ಕೂತಿರುತ್ತದೆ: ಎ, ಬಿ, ಸಿ, ಹೀಗೆ. ಅದು ರೆವಿಷನ್. ಗಿರಾಕಿಯ ಆರ್ಡರಿನಲ್ಲಿ ‘ಸಿ’ ಎಂದಿದ್ದು ಕೈಯಲ್ಲಿರುವ ಪ್ರಿಂಟಿನಲ್ಲಿ ‘ಬಿ’ ಎಂದಿದ್ದರೆ ಲೇತ್ ಚಾಲೂ ಮಾಡುವಂತಿಲ್ಲ. ಮಾಡಿದರೆ, ನೂರು ಪೀಸು ಮುಗಿದ ಮೇಲೆ ನೂರೂ ಗುಜರಿಗೆ ಹೋಗುತ್ತವೆ.

ಬೆಂಗಳೂರಿನ ಕೈಗಾರಿಕೆಯ ಚರಿತ್ರೆಯನ್ನು ಕಾರ್ಖಾನೆಗಳ ಹೆಸರು ಹಿಡಿದು ಹೇಳುವುದು ರೂಢಿ. ಮೊದಲು ಸಾರ್ವಜನಿಕ ಉದ್ದಿಮೆಗಳು, ಆಮೇಲೆ ಪೀಣ್ಯ, ಕೊನೆಗೆ ಸಾಫ್ಟ್‌ವೇರ್. ಅದೇ ಚರಿತ್ರೆಯನ್ನು ಈ ಒಂದು ಅಕ್ಷರದ ಬೆನ್ನು ಹಿಡಿದೂ ಹೇಳಬಹುದು. ಹಾಗೆ ನೋಡಿದಾಗ ಒಂದು ಸಂಗತಿ ಎದ್ದು ಕಾಣುತ್ತದೆ. ಡ್ರಾಯಿಂಗ್ ಬರೆಯುವವರು ಈ ಊರಿಗೆ ಎಂದೂ ಕಡಿಮೆಯಾಗಲಿಲ್ಲ. ಬರೆದದ್ದರಲ್ಲಿ ಇವತ್ತಿಗೆ ಸಲ್ಲುವ ಹಾಳೆ ಯಾವುದು ಎಂದು ಖಚಿತವಾಗಿ ಹೇಳುವ ಕೆಲಸವೇ ಎಲ್ಲ ಕಾಲದಲ್ಲೂ ಕಷ್ಟದ್ದಾಗಿತ್ತು. ಆ ಕೆಲಸ ಮಾಡಿದವರ ಹೆಸರು ಮಾತ್ರ ಯಾವ ಸ್ಮರಣ ಸಂಚಿಕೆಯಲ್ಲೂ ಸುಲಭಕ್ಕೆ ಸಿಗುವುದಿಲ್ಲ.

1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಕಟ್ಟಿದಾಗ ಯಂತ್ರಗಳ ಜೊತೆ ಅಮೆರಿಕದ ಡ್ರಾಯಿಂಗುಗಳೂ ಊರಿಗೆ ಬಂದವು. ಮರುವರ್ಷ ಇಲ್ಲಿ ಜೋಡಿಸಿದ ಹಾರ್ಲೊ ತರಬೇತಿ ವಿಮಾನ ಹಾರಿತು. 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬಂತು. 1953ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಹಯೋಗದಲ್ಲಿ ಎಚ್‌ಎಂಟಿ, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಸಹಯೋಗದಲ್ಲಿ ಬಿಇಎಲ್ ಜಾಲಹಳ್ಳಿಗೆ ಬಂದವು. ಪ್ರತಿಯೊಂದೂ ತನ್ನ ತವರಿನ ಡ್ರಾಯಿಂಗ್ ಪದ್ಧತಿಯನ್ನು ಜೊತೆಗೆ ತಂದಿತು.

ಈ ಪದ್ಧತಿಗಳ ಅಂತರ ಸಣ್ಣದೇನಲ್ಲ. ವಸ್ತುವನ್ನು ಎಡದಿಂದ ನೋಡಿದ ನೋಟವನ್ನು ಯುರೋಪಿನ ಫಸ್ಟ್ ಆಂಗಲ್ ಪದ್ಧತಿಯಲ್ಲಿ ಬಲಗಡೆ ಬರೆಯುತ್ತಾರೆ. ಅಮೆರಿಕದ ಥರ್ಡ್ ಆಂಗಲ್ ಪದ್ಧತಿಯಲ್ಲಿ ಎಡಗಡೆಯೇ ಬರೆಯುತ್ತಾರೆ. ಯಾವ ಪದ್ಧತಿ ಎಂದು ತಿಳಿಸುವ, ತುದಿ ಕತ್ತರಿಸಿದ ಶಂಕುವಿನ ಗುರುತು ಅದೇ ಕೆಳಮೂಲೆಯಲ್ಲಿ ಇರುತ್ತದೆ. ಅದನ್ನು ಗಮನಿಸದ ಫಿಟ್ಟರ್ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದೆ, ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿದ ಭಾಗವನ್ನು ಮಾಡಿಟ್ಟಾನು. ಎಚ್‌ಎಎಲ್‌ನಲ್ಲಂತೂ 1960ರ ದಶಕದಲ್ಲಿ ಮೂರು ದೇಶಗಳ ಕಾಗದ ಒಂದೇ ಆವರಣದಲ್ಲಿ ಸೇರಿದ್ದವು. ಬ್ರಿಟನ್ನಿನ ಲೈಸೆನ್ಸಿನಲ್ಲಿ ತಯಾರಾಗುತ್ತಿದ್ದ ನ್ಯಾಟ್ ಯುದ್ಧವಿಮಾನ ಇಂಚಿನ ಲೆಕ್ಕದ್ದು. ಆಮೇಲೆ ಚೇತಕ್ ಎಂದು ಹೆಸರಾದ ಫ್ರೆಂಚ್ ಹೆಲಿಕಾಪ್ಟರ್ ಆಲುವೆಟ್ ಮಿಲಿಮೀಟರಿನದು. ಇವೆರಡರ ನಡುವೆ ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಇಲ್ಲಿಯೇ ವಿನ್ಯಾಸಗೊಂಡ ಮಾರುತ್ 1961ರ ಜೂನ್ 17ರಂದು ಮೊದಲ ಬಾರಿ ಹಾರಿತು. ದೇಶ ಮೆಟ್ರಿಕ್ ಪದ್ಧತಿಗೆ ಕಾಯ್ದೆ ಮಾಡಿದ್ದು 1956ರಲ್ಲಿ. ಡ್ರಾಯಿಂಗ್ ಆಫೀಸುಗಳು ಮಾತ್ರ ವರ್ಷಗಟ್ಟಲೆ ಎರಡೂ ಲೆಕ್ಕವನ್ನು ತಲೆಯಲ್ಲಿ ಹೊತ್ತು ನಡೆದವು.

ಆ ಆಫೀಸುಗಳ ಕ್ರಮ ಹೀಗಿತ್ತು. ವಿನ್ಯಾಸಕಾರರು ಪೆನ್ಸಿಲಿನಲ್ಲಿ ಬರೆದದ್ದನ್ನು ಟ್ರೇಸರ್ ಆದವರು ಗಂಜಿ ಹಾಕಿದ ತೆಳುಬಟ್ಟೆಯ ಮೇಲೋ ಟ್ರೇಸಿಂಗ್ ಪೇಪರಿನ ಮೇಲೋ ಇಂಡಿಯನ್ ಇಂಕಿನಲ್ಲಿ ಎತ್ತಿಕೊಳ್ಳುತ್ತಿದ್ದರು. ತಪ್ಪಾದರೆ ಬ್ಲೇಡಿನಿಂದ ಹಗುರವಾಗಿ ಕೆರೆದು ತಿದ್ದಬೇಕು. ಎರಡು ಸಲ ಕೆರೆದರೆ ಕಾಗದಕ್ಕೆ ತೂತು ಬೀಳುತ್ತದೆ. ಮಳೆಗಾಲದ ತೇವಕ್ಕೆ ಕಾಗದ ಹಿಗ್ಗುವುದರಿಂದ ಅಳತೆ ಉಳಿಯಬೇಕಾದ ಕಡೆ ಪಾಲಿಯೆಸ್ಟರ್ ಫಿಲ್ಮ್ ಬಳಕೆಗೆ ಬಂತು. ಈ ಟ್ರೇಸಿಂಗೇ ಮೂಲ. ಅದು ರೆಕಾರ್ಡ್ ರೂಮಿನ ಅಗಲ ಡ್ರಾಯರ್ ಬಿಟ್ಟು ಹೊರಗೆ ಹೋಗುವಂತಿಲ್ಲ.

ಶಾಪ್ ಫ್ಲೋರಿಗೆ ಹೋಗುತ್ತಿದ್ದದ್ದು ಅದರ ಪ್ರಿಂಟು. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಕ್ರಮದಿಂದ ನೀಲಿ ನೆಲದ ಮೇಲೆ ಬಿಳಿ ಗೆರೆ ಮೂಡುವ ಬ್ಲೂಪ್ರಿಂಟ್ ಬಂದಿತ್ತು. ಆಮೇಲೆ ಬಂದದ್ದು ಬಿಳಿ ಕಾಗದದ ಮೇಲೆ ನೇರಳೆ ಗೆರೆ ಕೊಡುವ ಅಮೋನಿಯಾ ಪ್ರಿಂಟ್. ಬೆಳಕು ತಾಗಿದ ಕಾಗದವನ್ನು ಅಮೋನಿಯಾ ಆವಿಯಲ್ಲಿ ಹಾಯಿಸಿದರೆ ಗೆರೆಗಳು ಮೂಡುತ್ತಿದ್ದವು, ಮೆಷಿನ್ ನಡೆಸುವವರ ಕಣ್ಣು ಉರಿಯುತ್ತಿತ್ತು. ಎಷ್ಟು ಪ್ರಿಂಟ್ ತೆಗೆದದ್ದು, ಯಾವ ಶಾಪಿಗೆ ಹೋದದ್ದು, ಯಾರು ಸಹಿ ಹಾಕಿ ತೆಗೆದುಕೊಂಡದ್ದು ಎಲ್ಲವೂ ರಿಜಿಸ್ಟರಿನಲ್ಲಿ ದಾಖಲು. ಹೊಸ ರೆವಿಷನ್ ಹೊರಟಾಗ ಹಳೆಯ ಪ್ರಿಂಟುಗಳನ್ನು ಅದೇ ರಿಜಿಸ್ಟರ್ ನೋಡಿ ಒಂದೊಂದಾಗಿ ವಾಪಸು ತರಿಸಿ ಹರಿದು ಹಾಕಬೇಕು. ಒಂದು ಪ್ರಿಂಟ್ ಯಾವುದೋ ಟೂಲ್ ಬಾಕ್ಸಿನ ತಳದಲ್ಲಿ ಉಳಿದುಹೋದರೆ ಆರು ತಿಂಗಳ ಬಳಿಕ ಅದು ಮತ್ತೆ ಕೆಲಸಕ್ಕೆ ಇಳಿಯುವ ಅಪಾಯವಿತ್ತು. ಅಮೆರಿಕದ ಪದ್ಧತಿಯಲ್ಲಿ ರೆವಿಷನ್ನಿಗೆ ಐ, ಓ, ಕ್ಯೂ, ಎಸ್, ಎಕ್ಸ್, ಝಡ್ ಅಕ್ಷರಗಳನ್ನು ಬಳಸುವುದೇ ಇಲ್ಲ. ಮಸುಕಾದ ಪ್ರಿಂಟಿನಲ್ಲಿ ಐ ಎಂಬುದು ಒಂದಾಗಿ, ಓ ಎಂಬುದು ಸೊನ್ನೆಯಾಗಿ, ಎಸ್ ಎಂಬುದು ಐದಾಗಿ ಕಾಣಬಾರದು ಎಂಬ ಎಚ್ಚರ ಅದು. ಕಣ್ಣು ಮೋಸಹೋಗುವ ಕಡೆಗಳನ್ನೆಲ್ಲ ಮೊದಲೇ ಎಣಿಸಿಟ್ಟ ಇಂಥ ನಿಯಮಗಳಲ್ಲಿ ಆ ಕಸುಬಿನ ಬುದ್ಧಿವಂತಿಕೆ ಅಡಗಿದೆ.

ಇದೇ ಮನೆಯಲ್ಲಿ ಇನ್ನೊಬ್ಬ ಕಸುಬುದಾರ ಇದ್ದ, ಇಲಸ್ಟ್ರೇಟರ್. ಯಂತ್ರ ಮಾರಿದ ಮೇಲೆ ಅದನ್ನು ನಡೆಸುವವನಿಗೆ, ರಿಪೇರಿ ಮಾಡುವವನಿಗೆ ಪುಸ್ತಕ ಬೇಕು. ಎಚ್‌ಎಂಟಿಯ ಮೊದಲ ಲೇತ್ ಎಚ್-22 ಇರಲಿ, ವಾಯುಪಡೆಗೆ ಹೋದ ವಿಮಾನ ಇರಲಿ, ಮ್ಯಾನ್ಯುಯಲ್ ಮತ್ತು ಬಿಡಿಭಾಗಗಳ ಕ್ಯಾಟಲಾಗ್ ಇಲ್ಲದೆ ಅದು ಪೂರ್ಣವಾಗುವುದಿಲ್ಲ. ಮೇಲಿನಿಂದ, ಎದುರಿನಿಂದ, ಪಕ್ಕದಿಂದ ನೋಡಿದ ಮೂರು ಚಪ್ಪಟೆ ನೋಟಗಳನ್ನು ಓದಿ, ಬಿಚ್ಚಿಟ್ಟ ಯಂತ್ರ ಗಾಳಿಯಲ್ಲಿ ತೇಲುತ್ತಿರುವಂತೆ ಭಾಗಗಳನ್ನು ಒಂದೇ ಗೆರೆಯಲ್ಲಿ ಬಿಡಿಸಿ ಬರೆಯುವುದು ಇಲಸ್ಟ್ರೇಟರನ ವಿದ್ಯೆ. ಎಕ್ಸ್‌ಪ್ಲೋಡೆಡ್ ವ್ಯೂ ಎಂದು ಅದನ್ನು ಕರೆಯುತ್ತಾರೆ. ಐಸೊಮೆಟ್ರಿಕ್ ಚಿತ್ರದಲ್ಲಿ ಅಗಲ ಮತ್ತು ಆಳ 30 ಡಿಗ್ರಿಯಲ್ಲಿ ಓಡಬೇಕು. ವೃತ್ತಗಳೆಲ್ಲ 35 ಡಿಗ್ರಿ 16 ಮಿನಿಟಿನ ಅಂಡಾಕಾರದ ಟೆಂಪ್ಲೇಟಿನಲ್ಲಿ ಬೀಳಬೇಕು. ಹೊರ ಅಂಚಿಗೆ ದಪ್ಪ ಗೆರೆ, ಒಳ ಅಂಚಿಗೆ ತೆಳು ಗೆರೆ. ಪ್ರತಿ ಭಾಗಕ್ಕೂ ಬಾಣ ಎಳೆದು ಅಂಕಿ ಕೊಡಬೇಕು, ಆ ಅಂಕಿ ಎದುರು ಪುಟದ ಪಟ್ಟಿಯಲ್ಲಿನ ಬಿಡಿಭಾಗದ ನಂಬರಿಗೆ ಸರಿಹೋಗಬೇಕು.

ವಿಮಾನಯಾನದಲ್ಲಿ ಈ ಕೆಲಸಕ್ಕೆ ಕಟ್ಟುನಿಟ್ಟು ಬಂದದ್ದು 1956ರಲ್ಲಿ. ಅಮೆರಿಕದ ವಿಮಾನಯಾನ ಸಂಘ ತನ್ನ ಎಟಿಎ 100 ನಿಯಮಾವಳಿಯಲ್ಲಿ ಅಧ್ಯಾಯಗಳಿಗೆ ಕಾಯಂ ಅಂಕಿ ಕೊಟ್ಟಿತು. ಲ್ಯಾಂಡಿಂಗ್ ಗೇರ್ ಯಾವ ಕಂಪನಿಯ ವಿಮಾನದ್ದೇ ಆದರೂ 32ನೇ ಅಧ್ಯಾಯ, ಇಂಧನ 28, ವಿದ್ಯುತ್ 24. ಚಿತ್ರಗಳ ನಂಬರೂ ಇದೇ ಲೆಕ್ಕದಲ್ಲಿ ಸಾಗುತ್ತದೆ.

ಮುಂದೆ ಐವತ್ತು ವರ್ಷ ಕಾಡಿದ ಒಂದು ಬಿರುಕು ಹುಟ್ಟಿದ್ದು ಇಲ್ಲೇ. ಡ್ರಾಯಿಂಗಿಗೆ ಒಂದು ನಂಬರು, ಇಲಸ್ಟ್ರೇಷನ್ನಿಗೆ ಇನ್ನೊಂದು. ಎರಡಕ್ಕೂ ಇದ್ದ ನಂಟು ಇಲಸ್ಟ್ರೇಟರನ ನೆನಪಿನಲ್ಲೋ ಅವನ ನೋಟ್‌ಬುಕ್ಕಿನಲ್ಲೋ ಇರುತ್ತಿತ್ತು. ಬ್ರಾಕೆಟ್ಟಿನ ಎರಡು ಬೋಲ್ಟ್ ಮೂರಾಗಿ ಡ್ರಾಯಿಂಗ್ ‘ಬಿ’ಯಿಂದ ‘ಸಿ’ಗೆ ಏರಿದರೆ ರೆಕಾರ್ಡ್ ರೂಮು ಶಾಪಿಗೆ ತಿಳಿಸುತ್ತಿತ್ತು. ಮ್ಯಾನ್ಯುಯಲ್ಲಿನ ಚಿತ್ರಕ್ಕೆ ತಿಳಿಸುವ ದಾರಿ ಇರಲಿಲ್ಲ. ಯಾರಾದರೂ ನೆನಪಿಟ್ಟು ಹೇಳಿದರೆ ಉಂಟು, ಇಲ್ಲದಿದ್ದರೆ ದೂರದ ಊರಿನ ಮೆಕ್ಯಾನಿಕ್ ಹಳೆಯ ಚಿತ್ರ ನೋಡಿ ಎರಡೇ ಬೋಲ್ಟ್ ತರಿಸುತ್ತಿದ್ದ.

ಪೀಣ್ಯ ಈ ಕಥೆಗೆ ಬರುವುದು 1970ರ ದಶಕದಲ್ಲಿ. ತುಮಕೂರು ರಸ್ತೆಯಲ್ಲಿ ಆಗಲೇ ಯಂತ್ರೋಪಕರಣಗಳ ವಿದ್ಯೆ ಬೇರುಬಿಟ್ಟಿತ್ತು. 1961ರಲ್ಲಿ ಭಾರತ್ ಫ್ರಿಟ್ಜ್ ವರ್ನರ್ ಶುರುವಾಗಿತ್ತು, 1962ರಲ್ಲಿ ಸೆಂಟ್ರಲ್ ಮೆಷಿನ್ ಟೂಲ್ ಇನ್‌ಸ್ಟಿಟ್ಯೂಟ್ ಸ್ಥಾಪನೆಯಾಗಿತ್ತು. ಇದೇ ಸಂಸ್ಥೆ 1982ರಲ್ಲಿ ಹೊರತಂದ ಯಂತ್ರೋಪಕರಣ ವಿನ್ಯಾಸದ ಕೈಪಿಡಿ ಇವತ್ತಿಗೂ ಡಿಸೈನರುಗಳ ಮೇಜಿನ ಮೇಲಿದೆ. 1972ರ ಮೇ ತಿಂಗಳಲ್ಲಿ ಸೋವಿಯತ್ ಒಕ್ಕೂಟದೊಂದಿಗೆ ಉಪಗ್ರಹ ಹಾರಿಸುವ ಒಪ್ಪಂದವಾದ ಬಳಿಕ ಉಡುಪಿ ಬಳಿಯ ಅದಮಾರಿನ ವಿಜ್ಞಾನಿ ಯು.ಆರ್. ರಾವ್ ತಮ್ಮ ತಂಡದೊಂದಿಗೆ ಬಂದು ನೆಲೆಸಿದ್ದು ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲೇ. 26 ಮುಖಗಳ, ಸುಮಾರು 360 ಕಿಲೊ ತೂಕದ, ಭಾರತದ ಮೊದಲ ಉಪಗ್ರಹ ಆರ್ಯಭಟ ಅಲ್ಲಿ ಸಿದ್ಧವಾಯಿತು. 1975ರ ಏಪ್ರಿಲ್ 19ರಂದು ಕಪೂಸ್ಟಿನ್ ಯಾರ್‌ನಿಂದ ಕಾಸ್ಮಾಸ್ ರಾಕೆಟ್ ಅದನ್ನು ಹೊತ್ತು ಮೇಲೇರಿತು. ಉಪಗ್ರಹ ರಾಕೆಟ್ಟಿನ ಮೇಲೆ ಕೂರುವ ಜಾಗದ ಅಳತೆ ಎರಡು ದೇಶಗಳ, ಎರಡು ಭಾಷೆಗಳ ಡ್ರಾಯಿಂಗುಗಳಲ್ಲಿ ಒಂದೇ ಇರಬೇಕಾಗಿತ್ತು. ಇಂಟರ್ನೆಟ್ಟಿಲ್ಲದ ಕಾಲದಲ್ಲಿ ಕಾಗದದ ಶಿಸ್ತೊಂದರಿಂದಲೇ ಅದು ಸಾಧ್ಯವಾಯಿತು. ಆರ್ಯಭಟದ ಕಥೆ ಹೇಳುವವರು ಷೆಡ್ಡಿನ ಬಡತನವನ್ನು ನೆನೆಯುತ್ತಾರೆ, ಈ ಶಿಸ್ತನ್ನು ನೆನೆಯುವುದಿಲ್ಲ. ನೆನೆಯಬೇಕು.

1979ರಲ್ಲಿ ಯಂತ್ರೋಪಕರಣ ಕಂಪನಿ ಏಸ್ ಡಿಸೈನರ್ಸ್ ಆರಂಭವಾಯಿತು. ಹೆಸರೇ ಹೇಳುವಂತೆ ಅದರ ಬಂಡವಾಳ ವಿನ್ಯಾಸದ ಜ್ಞಾನ. ಸುತ್ತಮುತ್ತ ನೂರಾರು ಸಣ್ಣ ಘಟಕಗಳು ಬೆಳೆದವು. ಟರ್ನಿಂಗ್, ಗ್ರೈಂಡಿಂಗ್, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ಒಂದೊಂದು ಷೆಡ್ಡಿಗೆ ಒಂದೊಂದು ಕಸುಬು. ಒಂದು ಭಾಗ ಮುಗಿಯುವ ಹೊತ್ತಿಗೆ ನಾಲ್ಕು ಷೆಡ್ಡು ಸುತ್ತಿರುತ್ತದೆ, ಅದರ ಡ್ರಾಯಿಂಗೂ ಎಣ್ಣೆ ಮೆತ್ತಿಕೊಂಡು ಜೊತೆಗೇ ಸುತ್ತಿರುತ್ತದೆ. ದೊಡ್ಡ ಕಾರ್ಖಾನೆಯ ರೆಕಾರ್ಡ್ ರೂಮಿನ ರಿಜಿಸ್ಟರಿಗೆ ಇಲ್ಲಿ ಕೈ ಎಟುಕುತ್ತಿರಲಿಲ್ಲ. 1987ರಲ್ಲಿ ಬಂದ ಐಎಸ್‌ಒ 9000 ಮಾನದಂಡ ತೊಂಬತ್ತರ ದಶಕದಲ್ಲಿ ಪೀಣ್ಯವನ್ನು ಮುಟ್ಟಿದಾಗ ಬದಲಾದದ್ದು ಇದೇ. ಸರ್ಟಿಫಿಕೇಟ್ ಇಲ್ಲದೆ ದೊಡ್ಡ ಗಿರಾಕಿ ಆರ್ಡರ್ ಕೊಡುವುದಿಲ್ಲ. ದಾಖಲೆಗಳ ನಿಯಂತ್ರಣ ತೋರಿಸದೆ ಸರ್ಟಿಫಿಕೇಟ್ ಬರುವುದಿಲ್ಲ. ಹತ್ತು ಜನ ಕೆಲಸ ಮಾಡುವ ಷೆಡ್ಡಿನ ಮೇಜಿನ ಮೇಲೂ ರಬ್ಬರ್ ಸ್ಟಾಂಪುಗಳು ಬಂದವು: ಮಾಸ್ಟರ್ ಕಾಪಿ, ಕಂಟ್ರೋಲ್ಡ್ ಕಾಪಿ, ಕೆಂಪು ಶಾಯಿಯಲ್ಲಿ ಅಬ್ಸಲೀಟ್.

ಅಷ್ಟರಲ್ಲಿ ಕಾಗದವೇ ಹಿಂದೆ ಸರಿಯತೊಡಗಿತ್ತು. 1982ರಲ್ಲಿ ಹುಟ್ಟಿದ ಆಟೊಕ್ಯಾಡ್ ಮುಂದಿನ ದಶಕದಲ್ಲಿ ಡ್ರಾಯಿಂಗ್ ಬೋರ್ಡುಗಳನ್ನು ಮೂಲೆಗೆ ಸರಿಸಿತು. ಸುಭಾಸ್ ಪ್ರಕಾಶನದ ಕೆ.ಆರ್. ಗೋಪಾಲಕೃಷ್ಣ ಅವರ ಪಠ್ಯಪುಸ್ತಕವನ್ನು ಚೀಲದಲ್ಲೂ ಮಿನಿ ಡ್ರಾಫ್ಟರನ್ನು ಹೆಗಲಲ್ಲೂ ಹೊತ್ತು ಬಸ್ಸು ಹತ್ತುತ್ತಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಂಪ್ಯೂಟರಿನಲ್ಲಿ ಸಾಲಿಡ್ ಎಡ್ಜ್ ಕಲಿಯತೊಡಗಿದರು. ಅಮೋನಿಯಾ ಪ್ರಿಂಟಿನ ಅಂಗಡಿಗಳಲ್ಲಿ ಪ್ಲಾಟರ್ ಬಂದು ಕೂತಿತು.

ಹೊಸ ತಂತ್ರಜ್ಞಾನ ಹಳೆಯ ಒಂದು ಭದ್ರತೆಯನ್ನು ಕಿತ್ತುಕೊಂಡದ್ದು ಬಹಳ ಜನರ ಗಮನಕ್ಕೆ ಬರಲಿಲ್ಲ. ಟ್ರೇಸಿಂಗ್ ಒಂದೇ ಇರುತ್ತಿತ್ತು. ಪ್ರಿಂಟು ಪ್ರಿಂಟಿನಂತೆಯೇ ಕಾಣುತ್ತಿತ್ತು. ಫೈಲಿನಲ್ಲಿ ಮೂಲಕ್ಕೂ ನಕಲಿಗೂ ಕೂದಲಷ್ಟೂ ವ್ಯತ್ಯಾಸವಿಲ್ಲ. ಒಂದು ಪ್ರತಿ ಡಿಸೈನರನ ಕಂಪ್ಯೂಟರಿನಲ್ಲಿ, ಒಂದು ಫ್ಲಾಪಿಯಲ್ಲಿ, ಮತ್ತೊಂದು ಗಿರಾಕಿಯ ಬಳಿ. ಎಲ್ಲದಕ್ಕೂ ‘ಲೇಟೆಸ್ಟ್’ ಎಂದೇ ಹೆಸರು. ಡ್ರಾಯರಿಗೆ ಬೀಗ ಹಾಕಿ ಕೂತಿದ್ದ ರೆಕಾರ್ಡ್ ಕ್ಲರ್ಕನ್ನು ಕಾರ್ಖಾನೆಗಳು ಅನವಶ್ಯಕವೆಂದು ಮನೆಗೆ ಕಳಿಸಿದ್ದವು. ಅವನು ಮಾಡುತ್ತಿದ್ದ ಕೆಲಸ ಎಂಥದ್ದೆಂದು ಗೊತ್ತಾದದ್ದು ಆಮೇಲೆ.

ಆ ಕ್ಲರ್ಕನ್ನೇ ಸಾಫ್ಟ್‌ವೇರಿನ ರೂಪದಲ್ಲಿ ಮರಳಿ ತರುವ ಪ್ರಯತ್ನಕ್ಕೆ ಪ್ರಾಡಕ್ಟ್ ಡೇಟಾ ಮ್ಯಾನೇಜ್‌ಮೆಂಟ್, ಚಿಕ್ಕದಾಗಿ ಪಿಡಿಎಂ, ಎಂದು ಹೆಸರು. 1985ರಲ್ಲಿ ಅಮೆರಿಕನ್ ಮೋಟರ್ಸ್ ಕಂಪನಿ ದೊಡ್ಡ ಪೈಪೋಟಿದಾರರ ಎದುರು ಉಳಿಯಲು ತನ್ನ ಡ್ರಾಯಿಂಗು ಮತ್ತು ದಾಖಲೆಗಳನ್ನೆಲ್ಲ ಒಂದು ಕೇಂದ್ರ ಡೇಟಾಬೇಸಿಗೆ ತಂದದ್ದು ಇದರ ಆರಂಭದ ಉದಾಹರಣೆಗಳಲ್ಲೊಂದು. 1992ರಲ್ಲಿ ಮೆಟಾಫೇಸ್ ಎಂಬ ಪಿಡಿಎಂ ಸಾಫ್ಟ್‌ವೇರ್ ಬಂತು. 1998ರಲ್ಲಿ ಬ್ರೌಸರಿನಲ್ಲೇ ನಡೆಯುವ ವಿಂಡ್‌ಚಿಲ್. ಮೆಟಾಫೇಸ್ ಮುಂದೆ ಟೀಮ್‌ಸೆಂಟರಿನಲ್ಲಿ ಸೇರಿ, 2007ರಲ್ಲಿ ಸೀಮೆನ್ಸ್ ಕೈಗೆ ಹೋಯಿತು. ಇವುಗಳ ವ್ಯಾಕರಣ ಹಳೆಯ ರೆಕಾರ್ಡ್ ರೂಮಿನದೇ. ಮೂಲ ಫೈಲು ವಾಲ್ಟಿನಲ್ಲಿರುತ್ತದೆ. ತಿದ್ದಬೇಕಾದವರು ಚೆಕ್-ಔಟ್ ಮಾಡಿಕೊಳ್ಳಬೇಕು, ಆಗ ಬೇರೆಯವರಿಗೆ ಅದು ಓದಲಷ್ಟೇ ಸಿಗುತ್ತದೆ. ತಿದ್ದಿ ಚೆಕ್-ಇನ್ ಮಾಡಿ ಮೇಲಿನವರು ಒಪ್ಪಿದ ಮೇಲೆ ‘ರಿಲೀಸ್ಡ್’ ಎಂಬ ಮುದ್ರೆ ಬೀಳುತ್ತದೆ, ಅಕ್ಷರ ಒಂದು ಮೆಟ್ಟಿಲು ಏರುತ್ತದೆ.

ಬೆಂಗಳೂರಿನ ಹೊರವಲಯ ಜಗತ್ತಿನ ಈ ಕೆಲಸಕ್ಕೆ ತೆರೆದುಕೊಂಡದ್ದೂ ಅದೇ ವರ್ಷಗಳಲ್ಲಿ. ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ ತನ್ನ ಮುಖ್ಯಸ್ಥ ಆರ್.ಕೆ. ಬಾಳಿಗ ಅವರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಅಡಿಪಾಯ ಹಾಕಿತ್ತು. 1994ರಲ್ಲಿ ಇನ್ಫೊಸಿಸ್ ಅಲ್ಲಿಗೆ ಬಂತು. ಮರ್ಸಿಡಿಸ್-ಬೆಂಜ್ 1996ರಲ್ಲಿ ಬೆಂಗಳೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಎಸ್‌ಎಪಿ ಲ್ಯಾಬ್ಸ್ 1998ರಲ್ಲಿ ಶುರುವಾಗಿ ವೈಟ್‌ಫೀಲ್ಡಿನಲ್ಲಿ ಬೆಳೆಯಿತು. 2000ದಲ್ಲಿ ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ಅಲ್ಲೇ ನೆಲೆಯೂರಿತು. ವಿಮಾನದ ಎಂಜಿನ್, ಟರ್ಬೈನ್, ಕಾರು, ಸ್ಕ್ಯಾನಿಂಗ್ ಯಂತ್ರ, ಇವುಗಳ ವಿನ್ಯಾಸದ ಪಾಲು ಇಲ್ಲಿಗೆ ಹರಿದು ಬಂತು. ಅದರ ಹಿಂದೆಯೇ, ಸದ್ದಿಲ್ಲದೆ, ಮ್ಯಾನ್ಯುಯಲ್ಲುಗಳ ಕೆಲಸವೂ. ಪರದೇಶದ ಯಾವುದೋ ವರ್ಕ್‌ಶಾಪಿನ ಮೆಕ್ಯಾನಿಕ್ ನೋಡುವ ಎಕ್ಸ್‌ಪ್ಲೋಡೆಡ್ ವ್ಯೂ ಬರೆದವರು ಹೊಸೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಮನೆಗೆ ಹೋಗುವ ಡಿಪ್ಲೊಮಾ ಓದಿದ ಹುಡುಗ ಹುಡುಗಿಯರು ಆಗಿರಬಹುದು.

ಇಲಸ್ಟ್ರೇಟರ್ ಕೈಗೆ ಈಗ ಮೂರು ಚಪ್ಪಟೆ ನೋಟಗಳ ಬದಲು ಮೂರು ಆಯಾಮದ ಮಾಡೆಲ್ ಸಿಗುತ್ತದೆ. ಅದನ್ನು ಐಸೊಡ್ರಾದಂಥ ಸಾಫ್ಟ್‌ವೇರಿಗೆ ತಂದು, ಭಾಗಗಳನ್ನು ಎಳೆದಿಟ್ಟು, ಬೇಡದ ಗೆರೆ ಅಳಿಸಿ, ದಪ್ಪ-ತೆಳುವಿನ ಹಳೆಯ ನಿಯಮ ಪಾಲಿಸಿ ಚಿತ್ರ ಮಾಡುತ್ತಾರೆ. ಚಿತ್ರದೊಳಗೆ ಪದಗಳನ್ನು ಆದಷ್ಟು ಬರೆಯುವುದಿಲ್ಲ, ಅಂಕಿಗಳನ್ನಷ್ಟೇ ಕೊಡುತ್ತಾರೆ. ಇಪ್ಪತ್ತು ಭಾಷೆಗೆ ಅನುವಾದವಾದರೂ ಚಿತ್ರ ಒಂದೇ ಸಾಕು. ಒಂದು ಚಿತ್ರಕ್ಕೆ ಹಲವು ಫೈಲು ಹುಟ್ಟುತ್ತವೆ: ತಿದ್ದಬಲ್ಲ ಮೂಲ, ಪ್ರಕಟಣೆಗೆ ಸಿಜಿಎಂ ಎಂಬ ಫೈಲ್ ರೂಪ, ಪರದೆಗೆ ಇನ್ನೊಂದು ರೂಪ, ಅಂಕಿ ಒತ್ತಿದರೆ ಬಿಡಿಭಾಗದ ಪಟ್ಟಿ ತೆರೆಯುವ ಹಾಟ್‌ಸ್ಪಾಟುಗಳು. 1989ರಲ್ಲಿ ಯುರೋಪಿನಲ್ಲಿ ಹೊರಬಂದ ಎಸ್1000ಡಿ ಮಾನದಂಡ ಪ್ರತಿ ಚಿತ್ರಕ್ಕೂ ತನ್ನದೇ ಗುರುತಿನ ಸಂಖ್ಯೆ ಇರಬೇಕೆಂದು ವಿಧಿಸುತ್ತದೆ.

ಇಷ್ಟೆಲ್ಲ ಇದ್ದೂ ಪಿಡಿಎಂ ಮನೆಯೊಳಗೆ ಕೊನೆಗೆ ಕಾಲಿಟ್ಟದ್ದು ಇಲಸ್ಟ್ರೇಷನ್. ವ್ಯವಸ್ಥೆ ಕೊಂಡವರು ವಿನ್ಯಾಸ ವಿಭಾಗದವರು. ಅವರ ಮಾಡೆಲ್ಲುಗಳಿಗೆ ವಾಲ್ಟ್ ಸಿಕ್ಕಿತು. ಮ್ಯಾನ್ಯುಯಲ್ ವಿಭಾಗದ ಬಜೆಟ್ಟು ಬೇರೆ, ಕೆಲಸ ಬಹುಪಾಲು ಹೊರಗುತ್ತಿಗೆ. ಚಿತ್ರಗಳು ಸಾಮಾನ್ಯ ಫೋಲ್ಡರುಗಳಲ್ಲೇ ಉಳಿದವು, ಮುಗಿದ ಪಿಡಿಎಫ್ ಮಾತ್ರ ಒಳಗೆ ಹೋಯಿತು. ಇದು ದೊಡ್ಡ ತಪ್ಪು ಎಂದೇ ಹೇಳಬೇಕು. ಚಿತ್ರದ ಮೂಲ ಫೈಲನ್ನು ಅದರ ಜೋಡಣೆಯ ಮಾಡೆಲ್ಲಿಗೇ ಗಂಟುಹಾಕಿದರೆ, ಮಾಡೆಲ್ ‘ಬಿ’ಯಿಂದ ‘ಸಿ’ಗೆ ಏರಿದ ದಿನವೇ ಯಾವ ಯಾವ ಚಿತ್ರ ಹಳತಾಯಿತು ಎಂದು ವ್ಯವಸ್ಥೆ ಹೇಳಬಲ್ಲದು. ಯಾವ ಸೀರಿಯಲ್ ನಂಬರಿನವರೆಗೆ ಹಳೆಯ ಚಿತ್ರ, ಎಲ್ಲಿಂದ ಹೊಸದು ಎಂಬುದೂ ದಾಖಲಾಗುತ್ತದೆ. ಹಳೆಯದನ್ನು ಅಳಿಸುವಂತಿಲ್ಲ, ಏಕೆಂದರೆ ಎರಡು ಬೋಲ್ಟಿನ ಯಂತ್ರಗಳು ಇನ್ನೂ ಎಲ್ಲೋ ಓಡುತ್ತಿರುತ್ತವೆ. ಹಿಂದೆ ಇಲಸ್ಟ್ರೇಟರನ ನೋಟ್‌ಬುಕ್ಕಿನಲ್ಲಿದ್ದ ನಂಟು ಈ ರೀತಿ ಎಲ್ಲರಿಗೂ ಕಾಣುವಂತಾಗುತ್ತದೆ.

ಈ ಶಿಸ್ತು ತಪ್ಪಿದರೆ ಬೆಲೆ ಎಷ್ಟೆಂದು ತಿಳಿಯಲು ಏರ್‌ಬಸ್ ಎ380 ಸಾಕು. ಒಂದೊಂದು ವಿಮಾನದಲ್ಲಿ ಸುಮಾರು 530 ಕಿಲೋಮೀಟರ್ ವೈರು. ಹ್ಯಾಂಬರ್ಗ್‌ನವರು ಕ್ಯಾಟಿಯಾ ಎಂಬ ವಿನ್ಯಾಸ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿಯಲ್ಲಿ, ಟುಲೂಸ್‌ನವರು ಐದನೆಯದರಲ್ಲಿ ಕೆಲಸ ಮಾಡಿದ್ದರು. ಜೋಡಣೆಗೆ ಬಂದಾಗ ವೈರುಗಳು ಸರಿಹೊಂದಲಿಲ್ಲ. ಮೊದಲ ವಿಮಾನ ಸಿಂಗಪುರ ಏರ್‌ಲೈನ್ಸ್ ಕೈ ಸೇರಿದ್ದು 2007ರ ಅಕ್ಟೋಬರಿನಲ್ಲಿ, ಹೇಳಿದ ಗಡುವು ಮೀರಿ ಬಹಳ ತಡವಾಗಿ. ಎಚ್‌ಎಎಲ್‌ನ ಡ್ರಾಯಿಂಗ್ ಆಫೀಸು ಇಂಚು-ಮಿಲಿಮೀಟರ್‌ಗಳ ನಡುವೆ ಎದುರಿಸಿದ್ದ ಸಂಕಟವೇ ಇಲ್ಲಿ ಕಂಪ್ಯೂಟರಿನೊಳಗೆ ಮರುಕಳಿಸಿತ್ತು.

ವೈಟ್‌ಫೀಲ್ಡಿನ ಚಿತ್ರಗಳಿಗೆ ವಾಲ್ಟ್ ಇದೆ, ಇಲ್ಲವಾದರೂ ಬರುತ್ತದೆ. ಅದಕ್ಕೂ ಮೊದಲಿನ ಕಾಗದದ ಗತಿ ಯೋಚನೆಗೆ ಹಚ್ಚುತ್ತದೆ. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ನಿರ್ಧರಿಸಿತು. ಕಾರ್ಖಾನೆ ಮುಚ್ಚಿದಾಗ ಯಂತ್ರಗಳನ್ನು ಹರಾಜು ಹಾಕುತ್ತಾರೆ, ಜಮೀನಿಗೆ ಬೆಲೆ ಕಟ್ಟುತ್ತಾರೆ. ಡ್ರಾಯಿಂಗುಗಳು ತೂಕದ ಲೆಕ್ಕದಲ್ಲಿ ಹೋಗುತ್ತವೆ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲೂ ಜಾಲಹಳ್ಳಿಯ ಎಚ್‌ಎಂಟಿ ಹೆರಿಟೇಜ್ ಸೆಂಟರಿನಲ್ಲೂ ವಿಮಾನ ಮತ್ತು ಗಡಿಯಾರಗಳನ್ನು ನೋಡಲು ಜನ ಹೋಗುತ್ತಾರೆ. ಅವುಗಳನ್ನು ಹುಟ್ಟಿಸಿದ ಟ್ರೇಸಿಂಗುಗಳಿಗೆ, ಕೈಯಲ್ಲಿ ಬರೆದ ಎಕ್ಸ್‌ಪ್ಲೋಡೆಡ್ ವ್ಯೂಗಳಿಗೆ, ಪ್ರಿಂಟು ಕೊಟ್ಟು ಪಡೆದ ರಿಜಿಸ್ಟರುಗಳಿಗೂ ಅಲ್ಲೊಂದು ಕೋಣೆ ಸಲ್ಲಬೇಕು. ಪೀಣ್ಯದ ಉದ್ದಿಮೆದಾರರ ಸಂಘ ಮತ್ತು ಊರಿನ ಎಂಜಿನಿಯರಿಂಗ್ ಕಾಲೇಜುಗಳು ಮನಸ್ಸು ಮಾಡಿದರೆ ಉಳಿದಿರುವುದನ್ನು ಸ್ಕ್ಯಾನ್ ಮಾಡಿ, ಡ್ರಾಯಿಂಗ್ ನಂಬರು ಮತ್ತು ರೆವಿಷನ್ ಸಮೇತ ಪಟ್ಟಿ ಮಾಡುವುದು ಅಸಾಧ್ಯದ ಕೆಲಸವಲ್ಲ. ಮನೆಯ ಅಟ್ಟದಲ್ಲಿ ಅಪ್ಪನೋ ಅಜ್ಜನೋ ತಂದಿಟ್ಟ ಹಳೆಯ ಅಮೋನಿಯಾ ಪ್ರಿಂಟು, ಬಿಡಿಭಾಗಗಳ ಕ್ಯಾಟಲಾಗು ಇದ್ದವರು ಅದನ್ನು ರದ್ದಿಗೆ ಹಾಕುವ ಮುಂಚೆ ಇಂಥ ಒಂದು ಸಂಸ್ಥೆಗೆ ತೋರಿಸಲಿ.